ಅಂಕಿಅಂಶಗಳ ನಕ್ಷೆಗಳಲ್ಲಿ ಕನ್ನಡಾಕ್ಷರಗಳ ವಿಕಾರ

ತುಂಗಭದ್ರೆಯ ದಡದ ಮೇಲಣ ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯವೂ ಅಲ್ಲಿಯ ಶಾಸನಗಳೂ ವಿದ್ವಾಂಸರಿಗೆ ಸುಪರಿಚಿತವಾದುವು. ರೈಸ್ ಅವರ ಎಪಿಗ್ರಾಫಿಯ ಕರ್ಣಾಟಿಕದ ಚಿತ್ರದುರ್ಗ ಸಂಪುಟದಲ್ಲಿ ಈ ಶಾಸನಗಳು ದಾವಣಗೆರೆ ತಾಲ್ಲೂಕಿನ ಕೆಳಗೆ ಅಚ್ಚಾಗಿವೆ. ದಾವಣಗೆರೆಯ ಸಂಶೋಧಕನೊಬ್ಬನು ಇವನ್ನು ಶತಮಾನವಾರು ಎಣಿಸಿ, ಆ ಎಣಿಕೆಯನ್ನು ಗಣಕಯಂತ್ರದಲ್ಲಿ ಪೈಥಾನ್ ಎಂಬ ಕ್ರಮಭಾಷೆಯಿಂದ ಸ್ತಂಭನಕ್ಷೆಯಾಗಿ ಬರೆಯಿಸಿದನೆಂದು ಭಾವಿಸೋಣ. ನಕ್ಷೆಯ ಸುತ್ತ ‘ದಾವಣಗೆರೆ’, ‘ಹರಿಹರ’, ‘ತುಂಗಭದ್ರಾ’, ‘ವರ್ಷ’ ಎಂದು ಹೆಸರುಗಳನ್ನಿಟ್ಟಿರುತ್ತಾನೆ. ಕ್ರಮಲೇಖನದಲ್ಲಿ ಅವೆಲ್ಲವೂ ಶುದ್ಧವಾಗಿಯೇ ಇರುವುವು. ಆದರೆ ಹೊರಬಂದ ಚಿತ್ರದಲ್ಲಿ ಒಂದೋ ಅಕ್ಷರಗಳ ಸ್ಥಾನದಲ್ಲಿ ಬರಿಯ ಚೌಕಗಳಿರುವುವು, ಇಲ್ಲವೆ ‘ದ್ರಾ’ ಎಂಬುದು ದಕಾರ, ಒಂಟಿಯಾದ ಹಲಂತಚಿಹ್ನೆ, ಪೂರ್ಣ ರಕಾರ, ಆಧಾರವಿಲ್ಲದ ದೀರ್ಘ ಎಂದು ನಾಲ್ಕು ತುಂಡಾಗಿ ಬಿದ್ದಿರುವುದು. ಬೇಸತ್ತವನು ಕಡೆಗೆ ಹೆಸರುಗಳನ್ನು ಇಂಗ್ಲಿಷಿಗೆ ತಿರುಗಿಸಿಬಿಡುತ್ತಾನೆ. ಕನ್ನಡದಲ್ಲಿ ಬರೆದ ಪ್ರಬಂಧದೊಳಗೆ ನಕ್ಷೆ ಮಾತ್ರ ಪರಭಾಷೆಯಲ್ಲಿರುವುದಕ್ಕೆ ಇದೊಂದು ಕಾರಣ.

ಇಲ್ಲಿರುವುದು ಒಂದು ದೋಷವಲ್ಲ, ಎರಡು. ಇವನ್ನು ಬೇರ್ಪಡಿಸಿ ನೋಡದೆ ಮಾಡುವ ಪರಿಹಾರಗಳೆಲ್ಲ ವ್ಯರ್ಥವಾಗುತ್ತವೆ.

ಮೊದಲನೆಯದು ಲಿಪಿಯ ಅಭಾವ. ಪೈಥಾನಿನಲ್ಲಿ ನಕ್ಷೆ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಉಪಕರಣವು ಬೇರೆ ಆಜ್ಞೆಯಿಲ್ಲದಿದ್ದರೆ ಡೇಜಾವೂ ಸ್ಯಾನ್ಸ್ ಎಂಬ ಅಕ್ಷರರೂಪವನ್ನು, ಎಂದರೆ ಫಾಂಟನ್ನು, ಬಳಸುತ್ತದೆ. ಅದರಲ್ಲಿ ಕನ್ನಡವೇ ಇಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರ ವರೆಗೆ 128 ಸ್ಥಾನಗಳು ಮೀಸಲಾಗಿವೆ. ದಕಾರದ ಸ್ಥಾನ 3238. ‘3238ನೆಯ ರೂಪವು ಈ ಫಾಂಟಿನಲ್ಲಿಲ್ಲ’ ಎಂಬರ್ಥದ ಎಚ್ಚರಿಕೆಯನ್ನು ಉಪಕರಣವೇ ಕೊಡುತ್ತದೆ; ಅದನ್ನು ಓದುವವರು ಕಡಮೆ. ನೋಟೋ ಸ್ಯಾನ್ಸ್ ಕನ್ನಡದಂತಹ ಒಂದು ಫಾಂಟನ್ನು ತಂದು, ಅದರ ಕಡತದ ದಾರಿಯನ್ನು ಉಪಕರಣದ ಫಾಂಟ್ ವ್ಯವಸ್ಥಾಪಕಕ್ಕೆ ತಿಳಿಸಿ, ಬಳಿಕ ಅದರ ಕುಲನಾಮವನ್ನು ಹೇಳಿದರೆ ಚೌಕಗಳು ಮಾಯವಾಗುವುವು. ಕಡತದ ಹೆಸರೂ ಕುಲನಾಮವೂ ಒಂದೇ ಎಂದು ಬಗೆದು ಎಡವುವವರುಂಟು. ಉಪಕರಣವು ಹಿಂದೆ ಮಾಡಿಟ್ಟುಕೊಂಡ ಫಾಂಟುಗಳ ಪಟ್ಟಿಯನ್ನೇ ನೆಚ್ಚಿಕೊಂಡಿರುವುದರಿಂದ, ಹೊಸದಾಗಿ ಗಣಕದಲ್ಲಿ ಸ್ಥಾಪಿಸಿದ ಫಾಂಟು ಅದಕ್ಕೆ ಕಾಣದಿರುವುದೂ ಉಂಟು; ಆಗ ಆ ಹಳೆಯ ಪಟ್ಟಿಯನ್ನು ಅಳಿಸಿ ಮತ್ತೆ ಕಟ್ಟಿಸಬೇಕು.

ಎರಡನೆಯ ದೋಷವು ಇದಕ್ಕಿಂತ ಸೂಕ್ಷ್ಮವಾದುದು. ಯೂನಿಕೋಡಿನಲ್ಲಿ ‘ತುಂಗಭದ್ರಾ’ ಎಂಬುದು ನಾಲ್ಕು ಅಕ್ಷರಗಳಲ್ಲ, ಒಂಬತ್ತು ಚಿಹ್ನೆಗಳ ಸಾಲು. ‘ದಾವಣಗೆರೆ’ ಎಂಟು. ಈ ಸಾಲನ್ನು ಕಣ್ಣಿಗೆ ಕಾಣುವ ಅಕ್ಷರವನ್ನಾಗಿ ಮಾಡುವ ಕಾರ್ಯವು ಪಾಣಿನೀಯದಲ್ಲಿ ಸ್ಥಾನಿಗೆ ಆದೇಶ ಬರುವಂತಹುದೇ. ಗಕಾರದ ಮೇಲೆ ಎತ್ವ ಬಂದಾಗ ತಲೆಕಟ್ಟು ಲೋಪವಾಗಬೇಕು; ಹಲಂತದ ಮುಂದಣ ವ್ಯಂಜನಕ್ಕೆ ಒತ್ತು ಆದೇಶವಾಗಬೇಕು; ‘ವರ್ಷ’ದಲ್ಲಿ ಮೊದಲು ಉಚ್ಚರಿಸುವ ರೇಫೆಯು ಅರ್ಕಾವೊತ್ತಾಗಿ ಷಕಾರದ ಹಿಂದಕ್ಕೆ ಸರಿಯಬೇಕು. ಈ ವಿಧಿಗಳ ಪಟ್ಟಿಯು ಫಾಂಟಿನೊಳಗೇ ಅಡಗಿರುತ್ತದೆ. ಆದರೆ ಸೂತ್ರಪಾಠವು ಕಪಾಟಿನಲ್ಲಿದ್ದ ಮಾತ್ರಕ್ಕೆ ರೂಪಸಿದ್ಧಿಯಾಗುವುದಿಲ್ಲವಷ್ಟೆ. ಪ್ರಕ್ರಿಯೆಯನ್ನು ನಡೆಯಿಸುವವನು ಬೇಕು. ಹಾರ್ಫ್‌ಬಜ್ ಎಂಬ ತಂತ್ರಾಂಶವು ಆ ವೈಯಾಕರಣನ ಕೆಲಸವನ್ನು ಮಾಡುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ 3.10ರ ವರೆಗಿನ ಆವೃತ್ತಿಗಳು ಅದನ್ನು ಕೇಳದೆಯೇ ಒಂದೊಂದು ಚಿಹ್ನೆಯನ್ನೂ ಸಾಲಾಗಿ ಇಟ್ಟುಬಿಡುತ್ತವೆ. ಆದುದರಿಂದ ಎಷ್ಟು ಒಳ್ಳೆಯ ಫಾಂಟನ್ನು ತಂದರೂ ‘ಹರಿಹರ’ದ ‘ರಿ’ ಕೂಡ ಕೂಡಿಕೊಳ್ಳುವುದಿಲ್ಲ. ವಿಂಡೋಸಿನಲ್ಲಿ ತುಂಗಾ ಎಂಬ ಹೆಸರಿನದೇ ಒಂದು ಕನ್ನಡ ಫಾಂಟುಂಟು. ಪ್ರಕ್ರಿಯೆಯಿಲ್ಲದ ಕಡೆ ಅದು ತುಂಗಭದ್ರೆಯ ಹೆಸರನ್ನು ಬರೆಯಲಾರದು.

ಪರಿಹಾರವೆಂದರೆ ಅಕ್ಷರಸಂಯೋಜನೆಯನ್ನು ಬಲ್ಲವರಿಗೆ ಒಪ್ಪಿಸುವುದು. ನಕ್ಷೆಯನ್ನು ಎಸ್‌ವಿಜಿ ರೂಪದಲ್ಲಿ ಹೊರತೆಗೆಯುವಾಗ ಮ್ಯಾಟ್‌ಪ್ಲಾಟ್‌ಲಿಬ್ ಸಾಮಾನ್ಯವಾಗಿ ಅಕ್ಷರಗಳನ್ನು ರೇಖೆಗಳನ್ನಾಗಿ ಮಾಡಿಬಿಡುತ್ತದೆ. 1843ರ ಮಂಗಳೂರ ಸಮಾಚಾರವು ಕಲ್ಲಚ್ಚಿನಲ್ಲಿ ಹೊರಟಿತೆಂಬುದು ವಿದಿತವೇ. ರೇಖೆಗಳಾದ ಅಕ್ಷರವೂ ಅಂತಹುದು, ಕಲ್ಲಿನ ಮೇಲೆ ತಪ್ಪಾಗಿ ಬರೆದರೆ ತಪ್ಪೇ ಅಚ್ಚಾಗುವುದು. ‘ಎಸ್‌ವಿಜಿ.ಫಾಂಟ್‌ಟೈಪ್’ ಎಂಬ ನಿಯಮಕ್ಕೆ ‘ನನ್’ ಎಂಬ ಬೆಲೆಯನ್ನಿತ್ತರೆ ಪಾಠವು ಪಾಠವಾಗಿಯೇ ಉಳಿಯುತ್ತದೆ. ಅದನ್ನು ಬ್ರೌಸರಿನಲ್ಲೋ ಇಂಕ್‌ಸ್ಕೇಪಿನಲ್ಲೋ ತೆರೆದಾಗ ಅವು ತಾವೇ ಒತ್ತು ಕಾಗುಣಿತಗಳನ್ನು ಕೂಡಿಸಿ ತೋರಿಸುತ್ತವೆ; ಅಲ್ಲಿಂದ ಪಿಡಿಎಫ್ ಮಾಡಿಕೊಳ್ಳಬಹುದು. ಬಳಸಿದ ಫಾಂಟು ಆ ಗಣಕದಲ್ಲಿಯೂ ಇರಬೇಕೆಂಬುದನ್ನು ಮರೆಯತಕ್ಕುದಲ್ಲ. ಗ್ರಂಥವನ್ನು ಲೇಟೆಕ್ಕಿನಲ್ಲಿ ಜೋಡಿಸುವವರು ಪಿಜಿಎಫ್ ಮಾರ್ಗವನ್ನು ಹಿಡಿದು ನಕ್ಷೆಯ ಅಕ್ಷರಗಳನ್ನು ಝೀಲೇಟೆಕ್ಕಿನಿಂದಲೇ ಬರೆಯಿಸಬಹುದು. ಇದು ಹೆಚ್ಚು ಶ್ರಮದ್ದಾದರೂ ಪುಸ್ತಕದ ಅಕ್ಷರಕ್ಕೂ ನಕ್ಷೆಯ ಅಕ್ಷರಕ್ಕೂ ಭೇದವಿಲ್ಲದಂತೆ ಮಾಡುವುದರಿಂದ ಶ್ರೇಷ್ಠ. ಆರ್ ಎಂಬ ಕ್ರಮಭಾಷೆಯನ್ನು ಬಳಸುವವರಿಗೆ ದಾರಿ ಸುಲಭ. ಅದರ ಸಹಜ ಪಿಡಿಎಫ್ ಸಾಧನವು ಕನ್ನಡದ ಸ್ಥಾನದಲ್ಲಿ ಚುಕ್ಕೆಗಳನ್ನಿಡುವುದುಂಟು. ಅದನ್ನು ಬಿಟ್ಟು ಚಿತ್ರಕ್ಕೆ ರ‍್ಯಾಗ್ ಎಂಬ ಸಾಧನವನ್ನೂ, ಪಿಡಿಎಫ್ಫಿಗೆ ಪ್ಯಾಂಗೋ ಸಹಿತವಾದ ಕೈರೋ ಸಾಧನವನ್ನೂ ಹಿಡಿದರೆ ಸಾಕು.

ಇನ್ನೊಂದು ಉಪಾಯವು ರೂಢಿಯಲ್ಲಿದೆ. ಅದರ ವಿಷಯದಲ್ಲಿ ಎಚ್ಚರ ಬೇಕು. ಯೂನಿಕೋಡಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಒತ್ತು, ಕೊಂಬು, ಗುಡಿಗಳ ತುಣುಕುಗಳೇ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕುಳಿತಿವೆ. ಸೀಸದ ಮೊಳೆಗಳನ್ನು ಜೋಡಿಸಿದಂತೆ ಅವನ್ನು ಸಾಲಾಗಿಟ್ಟರೆ ಸಾಕು, ಆದೇಶಪ್ರಕ್ರಿಯೆಯೇ ಬೇಡ. ಆದ್ದರಿಂದ ನಕ್ಷೆಯಲ್ಲಿಯೂ ಒತ್ತುಗಳು ಸರಿಯಾಗಿ ಕಾಣುತ್ತವೆ. ಆದರೆ ಆ ಚಿತ್ರದೊಳಗಿರುವುದು ಕನ್ನಡವಲ್ಲ, ಕನ್ನಡದ ವೇಷ ಹಾಕಿದ ರೋಮನ್ ಅಕ್ಷರಗಳು. ಮುಂದೊಬ್ಬನು ಆ ಪಿಡಿಎಫ್ಫಿನಲ್ಲಿ ‘ಹರಿಹರ’ವೆಂದು ಹುಡುಕಿದರೆ ಸಿಗದು, ಹೆಸರನ್ನು ನಕಲು ಮಾಡಿದರೆ ಅರ್ಥವಿಲ್ಲದ ರೋಮನ್ ಸಾಲು ಕೈಗೆ ಬರುವುದು. ಶಾಸನಪಾಠವನ್ನು ಒಂದೊಂದು ಬಿಂದುವಿಗೂ ಚರ್ಚಿಸಿ ನಿರ್ಣಯಿಸುವ ವಿದ್ವಾಂಸರು ತಮ್ಮ ನಕ್ಷೆಯ ಪಾಠವನ್ನು ಹೀಗೆ ಕೆಡಿಸಿಟ್ಟುಹೋಗುವುದು ಯುಕ್ತವಲ್ಲ. ಹಳೆಯ ಫಾಂಟಿನಲ್ಲಿರುವ ಅಂಕಿಅಂಶದ ಪಟ್ಟಿಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ತಪ್ಪು ತಿದ್ದಿ, ಬಳಿಕವೇ ನಕ್ಷೆಗೆ ಕೊಡತಕ್ಕದ್ದು.

ನಕ್ಷೆಯನ್ನು ಅಚ್ಚಿಗೆ ಕಳುಹುವ ಮುನ್ನ ‘ವರ್ಷ’, ‘ಜಿಲ್ಲೆ’, ‘ತುಂಗಭದ್ರಾ’ ಎಂಬ ಮೂರು ಮಾತುಗಳನ್ನು ಅದರ ಮೂಲೆಯಲ್ಲಿ ಬರೆಯಿಸಿ ನೋಡಬಹುದು. ಅರ್ಕಾವೊತ್ತು, ಸಜಾತೀಯ ಒತ್ತು, ವಿಜಾತೀಯ ಒತ್ತುಗಳು ಮೂರೂ ಅವುಗಳಲ್ಲಿ ಬರುತ್ತವೆ. ‘ಹರಿಹರ’ವೊಂದನ್ನೇ ಪರೀಕ್ಷಿಸಿದರೆ ಸಾಲದು, ಬಿಡಿಯಾಗಿ ಬಿದ್ದ ಒಂದು ಗುಡಿಸನ್ನು ಅವಸರದ ಕಣ್ಣು ಸರಿಯೆಂದೇ ಓದಿಕೊಂಡುಬಿಡುತ್ತದೆ.