ಹೊಗಳುವವರು ಹದಿನೈದು ಮನೆ, ಕೈಹಿಡಿಯುವವರು ಯಾರು?

ಸಂಜೆ ಕಟ್ಟೆಯ ಮೇಲೆ ಕೂತಾಗ ನಾವು ಹೆಂಗಸರು ಎಷ್ಟೊಂದು ಆಸೆ ಹೇಳಿಕೊಳ್ಳುತ್ತೇವೆ! ಒಬ್ಬಾಕೆಗೆ ಹೊಲಿಗೆ ಮಷೀನು ಬೇಕು, ಇನ್ನೊಬ್ಬಾಕೆಗೆ ಅರ್ಧಕ್ಕೆ ಬಿಟ್ಟ ಎಸ್ಸೆಸ್ಸೆಲ್ಸಿ ಮುಗಿಸಬೇಕು. ಮನೆಗೆ ಬಂದು ರೊಟ್ಟಿ ಬಡಿಯಲು ಕೂತರೆ ಎಲ್ಲ ಮರೆತುಹೋಗುತ್ತದೆ. ನನ್ನ ಆಸೆ ಉಪ್ಪಿನಕಾಯಿಯದು.

ನಮ್ಮ ಇಂಡಿ ಸೀಮೆಯ ಲಿಂಬೆ ಹೆಸರುವಾಸಿ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ದರ ಬಿದ್ದಾಗ ಹಣ್ಣು ಕೊಂಡು ಉಪ್ಪಿನಕಾಯಿ ಹಾಕಿ ಮಾರಿದರೆ ಮಗಳ ಕಾಲೇಜಿನ ಫೀ ಆದರೂ ಹೊರಡುತ್ತದೆಂದು ನನ್ನ ಲೆಕ್ಕ. ಸಂಘದಲ್ಲಿ 5 ಸಾವಿರ ಸಾಲ ತಗೊಂಡೆ. ಮನೆಯವರಿಗೆ ಹೇಳಲಿಲ್ಲ. ಮೊದಲು ಲಾಭ ತೋರಿಸಿ, ಆಮೇಲೆ ಹೇಳೋಣ ಎಂಬ ಜಂಬ.

ರುಚಿ ನೋಡಲೆಂದು ಓಣಿಯ ಹದಿನೈದು ಮನೆಗೆ ಹಂಚಿದೆ. "ಭಾಳ ಚಲೋ ಆಗೇದ ನೋಡ್ರಿ" ಎಂದರು ಎಲ್ಲರೂ. ಎದುರು ಮನೆಯ ದೊಡ್ಡವ್ವ ಮಾತ್ರ, "ಲಿಂಬಿ ತೊಳದ ಮ್ಯಾಲೆ ಒರಸಿ ಒಣಗಿಸಿದ್ದೇನವಾ? ಉಪ್ಪೂ ಕಡಿಮಿ ಬಿದ್ದದ. ಇದು ತಡಿಯೂದಿಲ್ಲ" ಎಂದಳು. ನನಗೆ ಸಿಟ್ಟು ಬಂತು. ಮುದುಕಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಹದಿನೆಂಟನೆಯ ದಿನ ಭರಣಿಯ ಬಾಯಿ ಬಿಚ್ಚಿದರೆ ಬೆಳ್ಳಗೆ ಬೂಷ್ಟು! ಅಷ್ಟೂ ತಿಪ್ಪೆಗೆ ಹೋಯಿತು. ವಾರದ ಕಂತು ಮಾತ್ರ ಕಟ್ಟಲೇಬೇಕಿತ್ತು.

ಆ ರಾತ್ರಿ ಅಳುತ್ತ ಮನೆಯವರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಮೊದಲ ಹೇಳಿದ್ರ ತೋಟದಾಗಿಂದ ನಾನ ತಂದು ಕೊಡತಿದ್ನೆಲ್ಲ" ಎಂದಷ್ಟೇ ಅಂದರು.

ಸಂಘ ಇತ್ತಲ್ಲ ಎಂದು ನೀವು ಕೇಳಬಹುದು. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಂದಿನಿಂದ ಹಳ್ಳಿಹಳ್ಳಿಯಲ್ಲೂ ಹದಿನೈದಿಪ್ಪತ್ತು ಹೆಂಗಸರು ಕೂಡಿ ಉಳಿತಾಯ ಮಾಡುತ್ತ ಬಂದಿದ್ದಾರೆ. ಉಪಕಾರ ದೊಡ್ಡದು. ಆದರೆ ಅಷ್ಟು ಮಂದಿಯ ನಡುವೆ "ನನಗೆ ಹೆದರಿಕೆ ಆಗೇದ" ಎಂದು ಹೇಳಲು ಬಾಯಿ ಬರುವುದಿಲ್ಲ. ಅದಕ್ಕೆ ಬೇರೆಯೇ ನಾಲ್ಕು ಮಂದಿ ಬೇಕು.

ನಾನು ಮೊದಲು ಹೋದದ್ದು ದೊಡ್ಡವ್ವನ ಬಳಿಗೆ. ಆಮೇಲೆ ನಿವೃತ್ತರಾದ ಶಾಲೆಯ ಅಕ್ಕೋರ ಹತ್ತಿರ, ಲೆಕ್ಕಕ್ಕೆ. ಇಂಡಿಯ ಪೇಟೆಯಲ್ಲಿ ಅಂಗಡಿ ಇರುವ ಮೈದುನನನ್ನೂ ಕೇಳಿಕೊಂಡೆ. ನಾಲ್ಕನೆಯವರು ಮನೆಯವರೇ. ಚಿಕ್ಕಂದಿನ ಗೆಳತಿಯನ್ನು ಸೇರಿಸಲಿಲ್ಲ. ಜೀವಕ್ಕೆ ಜೀವ ಕೊಡುವವಳು, ಆದರೆ ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಅವಳ ಸಂಗಡ ಜಾತ್ರೆಗೆ ಹೋಗುತ್ತೇನೆ, ಸಾಲದ ಮಾತು ಎತ್ತುವುದಿಲ್ಲ.

ಸುಮ್ಮನೆ "ಸಹಾಯ ಮಾಡ್ರಿ" ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, ಮರೆಯುತ್ತಾರೆ. ಇದನ್ನು ತಿಳಿಸಿಕೊಟ್ಟವರು ಅಕ್ಕೋರು. ನಮ್ಮ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವಿದ್ದ ಕಂಬ ಸಿಕ್ಕಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ವಿದ್ಯಾಶಾಲೆ ಕಟ್ಟಿಸಿದ್ದನಂತೆ. ದೂರದಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ, ದೀಪದ ಖರ್ಚಿಗೇ ಪ್ರತ್ಯೇಕ ಭೂಮಿ. ಮದುವೆಯಾದರೆ ಇಷ್ಟು, ಮುಂಜಿಯಾದರೆ ಇಷ್ಟು ಎಂದು ಊರವರ ಕಾಣಿಕೆಯೂ ಗೊತ್ತುಮಾಡಿತ್ತು. "ಯಾರು ಏನ ಕೊಡಬೇಕು ಅಂತ ಅವರು ಕಲ್ಲಿನ್ಯಾಗ ಬರದಾರ. ನೀ ವಹಿಯೊಳಗಾದ್ರೂ ಬರಿ" ಎಂದು ಅಕ್ಕೋರು ನಕ್ಕರು.

ಬರೆದೆ. ಅಕ್ಕೋರು ತಿಂಗಳಿಗೊಮ್ಮೆ, ಅಮವಾಸ್ಯೆಯ ಮರುದಿನ ವಹಿ ನೋಡುವುದು. ಮೈದುನ ಅಂಗಡಿಯಲ್ಲಿ ಹತ್ತು ಬಾಟಲಿ ಇಡುವುದು, ಮಾರದಿದ್ದರೆ ಮುಲಾಜಿಲ್ಲದೆ ಹೇಳುವುದು. ನನ್ನ ಪಾಲೂ ಉಂಟು: ದೊಡ್ಡವ್ವನ ಗುಳಿಗೆಗಳನ್ನು ವಾರಕ್ಕೊಮ್ಮೆ ವಿಂಗಡಿಸಿಡುತ್ತೇನೆ, ಅಕ್ಕೋರಿಗೆ ರೊಟ್ಟಿ ಬಡಿದು ಕೊಡುತ್ತೇನೆ. ಬರೀ ತಗೊಳ್ಳುವ ಕೈಯಾದರೆ ಎರಡನೆಯ ಸಲ ಬಾಗಿಲು ತಟ್ಟಲು ಸಂಕೋಚ.

ಈ ಸಲ ಹಣ್ಣು ತೊಳೆದು, ಒರೆಸಿ, ಒಂದು ಹಗಲು ಬಟ್ಟೆಯ ಮೇಲೆ ಹರವಿದೆ. ಕಿಲೋ ಹಣ್ಣಿಗೆ ಕಾಲು ಕಿಲೋ ಉಪ್ಪು, ಹಸಿ ಚಮಚ ಸೋಕಿಸಲಿಲ್ಲ. ಮೊನ್ನೆ ಭರಣಿಯ ಬಾಯಿ ಬಿಚ್ಚಿದ್ದು ದೊಡ್ಡವ್ವನೇ. ಮೂಗಿನ ಹತ್ತಿರ ಹಿಡಿದು, ಒಂದು ಹೋಳು ಚೀಪಿ, "ಇನ್ನ ಎಂಟ ದಿನ ಬಿಸಲಿಗಿಡು" ಎಂದಳು.

ಇಟ್ಟಿದ್ದೇನೆ.