ಮಲೆನಾಡಿನಲ್ಲಿ ಮಕ್ಕಳಿಗೆ ಹೆಸರಿಡುವ ಪದ್ಧತಿ

ಮಲೆನಾಡಿನಲ್ಲಿ ಮಕ್ಕಳಿಗೆ ಹೆಸರಿಡುವ ಪದ್ಧತಿ ಎಂಬ ಈ ಲೇಖನವು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳಲ್ಲಿ ಶಿಶುವಿನ ಹೆಸರನ್ನು ಆರಿಸುವ ಬಗೆಯನ್ನೂ ಆ ಹೆಸರುಗಳ ಅರ್ಥವನ್ನೂ ಕುರಿತದ್ದಾಗಿದೆ. ಅರಳಸುರಳಿಯಂತಹ ಊರುಗಳಲ್ಲಿ ಅಜ್ಜನ ಹೆಸರು ದೇವರದ್ದು, ತಂದೆಯ ಹೆಸರು ಶಾಲೆಯಲ್ಲಿ ತಿದ್ದಿ ಬರೆದದ್ದು, ಮೊಮ್ಮಗುವಿನ ಹೆಸರು ಅಂತರಜಾಲದಲ್ಲಿ ಹುಡುಕಿದ್ದು ಎಂಬಂತಹ ಮನೆಗಳು ಅಪರೂಪವಲ್ಲ. "ಅರ್ಥಪೂರ್ಣ ಹೆಸರು" ಎಂಬ ಮಾತಿಗೆ ಈ ಮೂರು ತಲೆಮಾರುಗಳಲ್ಲಿ ಮೂರು ಬೇರೆ ಬೇರೆ ಅರ್ಥಗಳಿವೆ.

ಶಾಸ್ತ್ರದಲ್ಲಿ ನಾಮಕರಣ

ನಾಮಕರಣವು ಹಿಂದೂ ಸಂಪ್ರದಾಯದ ಷೋಡಶ ಸಂಸ್ಕಾರಗಳಲ್ಲಿ ಒಂದು. ಪಾರಸ್ಕರ ಗೃಹ್ಯಸೂತ್ರದ ಪ್ರಕಾರ ಹತ್ತನೆಯ ದಿನ ತಂದೆಯು ಹೆಸರಿಡಬೇಕು. ಗಂಡುಮಗುವಿನ ಹೆಸರು ಎರಡು ಅಥವಾ ನಾಲ್ಕು ಅಕ್ಷರಗಳದ್ದಾಗಿದ್ದು ಘೋಷ ವ್ಯಂಜನದಿಂದ ಆರಂಭವಾಗಬೇಕು. ಹೆಣ್ಣುಮಗುವಿನ ಹೆಸರು ಬೆಸಸಂಖ್ಯೆಯ ಅಕ್ಷರಗಳದ್ದಾಗಿದ್ದು ಆಕಾರಾಂತವಾಗಿರಬೇಕು. ಸ್ತ್ರೀಯರ ಹೆಸರು ಸುಲಭವಾಗಿ ಉಚ್ಚರಿಸಲು ಬರುವಂತೆಯೂ ಸ್ಪಷ್ಟವಾದ ಅರ್ಥವುಳ್ಳದ್ದಾಗಿಯೂ ಇರಬೇಕೆಂದು ಮನುಸ್ಮೃತಿ ಹೇಳುತ್ತದೆ. ಹೆಸರಿನ ಧ್ವನಿ ಮತ್ತು ಅರ್ಥ ಎರಡನ್ನೂ ನೋಡಬೇಕೆಂಬ ವಿಚಾರ ಇಂದಿನದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಜ್ಯೋತಿಷ್ಯದ ಕ್ರಮ ಇದಕ್ಕಿಂತ ಬೇರೆ. 27 ನಕ್ಷತ್ರಗಳಿಗೆ ತಲಾ ನಾಲ್ಕು ಪಾದಗಳಂತೆ 108 ಪಾದಗಳಾಗುತ್ತವೆ. ಪ್ರತಿ ಪಾದಕ್ಕೂ ಒಂದು ಅಕ್ಷರ ನಿಗದಿಯಾಗಿದೆ. ಅಶ್ವಿನಿಗೆ ಚು, ಚೆ, ಚೋ, ಲ. ರೋಹಿಣಿಗೆ ಒ, ವ, ವಿ, ವು. ಆದರೆ ಆರ್ದ್ರಾ ನಕ್ಷತ್ರದ ಮೂರನೆಯ ಪಾದಕ್ಕೆ "ಙ", ಹಸ್ತದ ಮೂರನೆಯ ಪಾದಕ್ಕೆ "ಣ" ಬರುತ್ತವೆ. ಈ ಅಕ್ಷರಗಳಿಂದ ಆರಂಭವಾಗುವ ಪದಗಳನ್ನು ಎಲ್ಲಿಂದ ತರುವುದು? ಆದುದರಿಂದ ಜಾತಕಕ್ಕೊಂದು, ಕರೆಯಲೊಂದು ಎಂದು ಎರಡು ಹೆಸರುಗಳನ್ನಿಡುವ ರೂಢಿ ಬೆಳೆದಿದೆ.

ತೊಟ್ಟಿಲು ಶಾಸ್ತ್ರವು ಸಾಮಾನ್ಯವಾಗಿ ಸೂತಕ ಕಳೆದ ಮೇಲೆ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ನಡೆಯುತ್ತದೆ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಹೆಸರು ಬರೆದು ಮಗುವಿನ ಕಿವಿಯಲ್ಲಿ ಉಸುರುವ ಕ್ರಮವಿದೆ. ಕ್ರೈಸ್ತರಲ್ಲಿ ಜ್ಞಾನಸ್ನಾನದ ಸಮಯದಲ್ಲಿ ಸಂತರ ಹೆಸರಿಡುವುದು ವಾಡಿಕೆ. ಸಾಗರದ ಕಾದಂಬರಿಕಾರ ನಾ. ಡಿಸೋಜ ಅವರ "ನಾ" ಎಂಬುದು ನಾರ್ಬರ್ಟ್ ಎಂಬ ಸಂತನ ಹೆಸರೇ.

ದೈವ ಮತ್ತು ಹರಕೆಯ ಹೆಸರುಗಳು

ಈ ಸೀಮೆಯ ಹಳೆಯ ಹೆಸರುಗಳನ್ನು ಅರಿಯಲು ನಿಘಂಟಿಗಿಂತ ಸುತ್ತಲಿನ ಕ್ಷೇತ್ರಗಳ ಪರಿಚಯವೇ ಹೆಚ್ಚು ಉಪಯುಕ್ತ. ಚೌಡಪ್ಪ, ಚೌಡಮ್ಮ ಎಂಬ ಹೆಸರುಗಳಿಗೆ ಚೌಡೇಶ್ವರಿಯೂ, ರೇಣುಕಾ ಎಂಬುದಕ್ಕೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯೂ, ಪದ್ಮಾವತಿ ಎಂಬುದಕ್ಕೆ ಹೊಸನಗರ ತಾಲ್ಲೂಕಿನ ಹುಂಚದ ಜೈನ ಯಕ್ಷಿಯೂ, ರಾಮೇಶ್ವರ ಎಂಬುದಕ್ಕೆ ತುಂಗೆಯ ದಡದ ತೀರ್ಥಹಳ್ಳಿಯ ದೇವರೂ ಹಿನ್ನೆಲೆಯಲ್ಲಿರುತ್ತಾರೆ. ಕಾಗೋಡು ತಿಮ್ಮಪ್ಪ ಅವರ ಹೆಸರಿನಲ್ಲಿರುವುದು ತಿರುಪತಿಯ ತಿಮ್ಮಪ್ಪ. ಹುಚ್ಚಪ್ಪ, ಹುಚ್ಚರಾಯಪ್ಪ ಎಂಬ ಹೆಸರು ಕೇಳಿ ಹೊರಗಿನವರು ನಗುವುದುಂಟು. ಶಿಕಾರಿಪುರದ ಹುಚ್ಚರಾಯಸ್ವಾಮಿಯನ್ನು ಬಲ್ಲವರು ನಗುವುದಿಲ್ಲ.

ಅಚ್ಚಗನ್ನಡದ ಹೆಸರುಗಳು ಹೊಸ ಆವಿಷ್ಕಾರವೆಂದು ತಿಳಿಯುವುದು ಸರಿಯಲ್ಲ. ಚೆಲುವನ್ನೂ ಒಳಿತನ್ನೂ ಸೂಚಿಸುವ "ಚೆನ್ನ" ಎಂಬ ಪದ 17ನೆಯ ಶತಮಾನದಲ್ಲಿ ಆಳಿದ ಕೆಳದಿಯ ರಾಣಿ ಚೆನ್ನಮ್ಮನ ಹೆಸರಿನಲ್ಲಿಯೇ ಇದೆ.

ಇನ್ನು ಕೆಲವು ಹೆಸರುಗಳ ಹಿಂದೆ ಭಯವಿದೆ. ಹುಟ್ಟಿದ ಮಕ್ಕಳು ಉಳಿಯದಿದ್ದ ಕಾಲದಲ್ಲಿ, ಯಾರ ಕಣ್ಣೂ ಬೀಳದಿರಲೆಂದು ಮಗುವಿಗೆ ಕಲ್ಲು, ಗುಂಡು, ತಿಪ್ಪೆಗಳ ಹೆಸರಿಡುತ್ತಿದ್ದರು. ಸಾಲಾಗಿ ಹೆಣ್ಣು ಹುಟ್ಟಿದಾಗ ಇಟ್ಟ "ಸಾಕಮ್ಮ" ಎಂಬ ಹೆಸರಿಗೂ ಸ್ಪಷ್ಟವಾದ ಅರ್ಥವಿದೆ. ಆದರೆ ಆ ಅರ್ಥವು ಹೆತ್ತವರದ್ದು. ಅದನ್ನು ಬದುಕಿನುದ್ದಕ್ಕೂ ಹೊತ್ತವಳು ಮಗಳು.

ಹೆಸರು ಮತ್ತು ಸಾಮಾಜಿಕ ಅಂತರ

ಹೆಸರಿನ ಕೊನೆಯಲ್ಲಿ ಬರುವ ಅಪ್ಪ, ಅಯ್ಯ, ಅಮ್ಮ ಎಂಬ ಪ್ರತ್ಯಯಗಳು ಎಲ್ಲರಿಗೂ ಸಮಾನವಾಗಿ ದೊರೆಯುತ್ತಿರಲಿಲ್ಲ. 19ನೆಯ ಶತಮಾನದ ಕೊನೆಯ ಮಲೆನಾಡನ್ನು ಚಿತ್ರಿಸುವ ಕುವೆಂಪು ಅವರ ಮಲೆಗಳಲ್ಲಿ ಮದುಮಗಳು (1967) ಕಾದಂಬರಿಯಲ್ಲಿ ಒಡೆಯರ ಮನೆಯ ಪ್ರೇಮಿಗಳು ಮುಕುಂದಯ್ಯ ಮತ್ತು ಚಿನ್ನಮ್ಮ. ಆಳುಮಕ್ಕಳ ಪ್ರೇಮಿಗಳು ಗುತ್ತಿ ಮತ್ತು ತಿಮ್ಮಿ. ಗುತ್ತಿಯ ಹೆಸರಿಗೆ ಅವನ ನಾಯಿಯೂ ಸೇರಿ "ನಾಯಿಗುತ್ತಿ" ಆಗಿದೆ. ಅದೇ ಕೃತಿಯ ಐತನ ಹೆಸರು ವಾರದ ಹೆಸರು. ಘಟ್ಟದ ಕೆಳಗಿನ ತುಳುವರಲ್ಲಿ ಹುಟ್ಟಿದ ವಾರದಿಂದ ಐತ (ಆದಿತ್ಯವಾರ), ಅಂಗಾರ (ಮಂಗಳವಾರ), ತುಕ್ರ (ಶುಕ್ರವಾರ), ತನಿಯ (ಶನಿವಾರ) ಎಂದು ಹೆಸರಿಡುತ್ತಿದ್ದರು.

ಶಾಲೆಗಳು ಹಳ್ಳಿಗಳಿಗೆ ಬಂದ ಮೇಲೆ ಹಾಜರಿ ಪುಸ್ತಕದಲ್ಲಿ ಅನೇಕ ಹೆಸರುಗಳು ಬದಲಾದವು. ಮಗುವನ್ನು ಸೇರಿಸಲು ಬಂದ ತಂದೆ "ಕರಿಯ" ಎಂದರೆ ಮೇಷ್ಟರು "ಕೃಷ್ಣಪ್ಪ" ಎಂದು ಬರೆದುಕೊಳ್ಳುವುದಿತ್ತು. ಅದು ಉಪಕಾರವೋ ಅಧಿಕಪ್ರಸಂಗವೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಬಾಲವಿಲ್ಲದ ಹೆಸರಿನಿಂದ ತಪ್ಪಿಸಿಕೊಂಡವರಿಗೆ ಅದು ಉಪಕಾರವೇ ಆಯಿತು. ಆದರೆ ಅಜ್ಜಿ ಇಟ್ಟ ಹೆಸರು ಮನೆಯೊಳಗೇ ಉಳಿದು ಅಲ್ಲಿಯೇ ಮುಗಿಯಿತು.

ಕುಪ್ಪಳಿಯ ಮೂರು ತಲೆಮಾರು

ಹೆಸರಿನ ಕಲ್ಪನೆ ಬದಲಾದ ಬಗೆಗೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಮನೆತನ ಉತ್ತಮ ನಿದರ್ಶನ. ತಂದೆ ವೆಂಕಟಪ್ಪ ಗೌಡರದ್ದು ದೇವರ ಹೆಸರು. 1904ರ ಡಿಸೆಂಬರ್ 29ರಂದು ಜನಿಸಿದ ಮಗ ಪುಟ್ಟಪ್ಪನದ್ದು ಮುದ್ದಿನ ಹೆಸರು. "ಪುಟ್ಟ" ಎಂದರೆ ಚಿಕ್ಕವನು. ಊರು, ತಂದೆ ಮತ್ತು ತನ್ನ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಕವಿ ತಮ್ಮನ್ನು ಕುವೆಂಪು ಎಂದು ಕರೆದುಕೊಂಡರು. ಆ ಕವಿ ತಮ್ಮ ಮಕ್ಕಳಿಗೆ ಇಟ್ಟ ಹೆಸರುಗಳಲ್ಲಿ ಹಳೆಯ ದೇವರ ಹೆಸರೂ ಇಲ್ಲ, ಅಜ್ಜನ ಹೆಸರೂ ಇಲ್ಲ: ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಹುಣ್ಣಿಮೆಯ ಚಂದ್ರ, ಕೋಗಿಲೆ ಹಾಡುವ ಚೈತ್ರಮಾಸ, ಚಂದ್ರನ ಕಲೆ, ದಾಟಿಸುವವಳು. ಇಲ್ಲಿ ಅರ್ಥವು ಕ್ಷೇತ್ರದಿಂದ ಪ್ರಕೃತಿಗೂ ಕಾವ್ಯಕ್ಕೂ ಸರಿದಿದೆ. "ಇಂದುಕಲಾ" ಎಂಬಲ್ಲಿ ನಾಲ್ಕು ಅಕ್ಷರಗಳಿರುವುದರಿಂದ ಗೃಹ್ಯಸೂತ್ರದ ಬೆಸಸಂಖ್ಯೆಯ ನಿಯಮವನ್ನು ಕವಿ ಲೆಕ್ಕಿಸಿದಂತಿಲ್ಲ.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ತಮ್ಮ ಮಗನಿಗೆ ರಾಮಮನೋಹರ ಎಂದು ಹೆಸರಿಟ್ಟರು. ಅದು ರಾಮಮನೋಹರ ಲೋಹಿಯಾ ಅವರ ಹೆಸರು. 1951ರ ಕಾಗೋಡು ರೈತ ಸತ್ಯಾಗ್ರಹಕ್ಕೆ ಬಂದು ಲೋಹಿಯಾ ಬಂಧನಕ್ಕೊಳಗಾಗಿದ್ದರು. ಹೆಗ್ಗೋಡಿನ ನೀನಾಸಂ ಸಂಸ್ಥಾಪಕ ಕೆ. ವಿ. ಸುಬ್ಬಣ್ಣನವರ ಮಗನ ಹೆಸರು ಅಕ್ಷರ. ಅವರ ಪ್ರಕಾಶನದ ಹೆಸರೂ ಅದೇ. ನಾಶವಿಲ್ಲದ್ದು ಮತ್ತು ಬರೆಯುವ ಲಿಪಿ ಎರಡೂ ಆ ಪದದ ಅರ್ಥಗಳು.

ಚೈತ್ರ ಮತ್ತು ಅಕ್ಷರ ಇಬ್ಬರೂ ಗಂಡುಮಕ್ಕಳು. ಇಂದು ಈ ಎರಡು ಹೆಸರುಗಳನ್ನು ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಇಡಲಾಗುತ್ತಿದೆ.

ಇಂದಿನ ಆಯ್ಕೆ: ಗಮನಿಸಬೇಕಾದ ಅಂಶಗಳು

ಅಂತರಜಾಲದ ಹೆಸರುಗಳ ಪಟ್ಟಿಗಳಲ್ಲಿ ಕೊಟ್ಟ ಅರ್ಥಗಳು ಎಲ್ಲ ಸಂದರ್ಭದಲ್ಲೂ ನಂಬತಕ್ಕವಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲಾಗಲಿ ಸಂಸ್ಕೃತ ನಿಘಂಟಿನಲ್ಲಾಗಲಿ ಪದವು ಇದೆಯೇ ಎಂದು ನೋಡುವುದು ಒಳ್ಳೆಯದು. ಒಂದು ಕೊಂಬಿನ ವ್ಯತ್ಯಾಸದಿಂದಲೂ ಅರ್ಥ ಕೆಡುತ್ತದೆ. "ಶ್ರುತಿ" ಎಂದರೆ ಕೇಳಿದ್ದು, ವೇದ, ಸಂಗೀತದ ಸ್ವರಾಧಾರ. ಇದನ್ನು ಅನೇಕರು "ಶೃತಿ" ಎಂದು ಬರೆಯುತ್ತಾರೆ. ಸಂಸ್ಕೃತದಲ್ಲಿ "ಶೃತ" ಎಂದರೆ ಬೇಯಿಸಿದ್ದು. ಇನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕಲಾ, ಕಾಲ, ಕಾಳ ಮೂರೂ ಒಂದೇ ರೀತಿ ಕಾಣುವುದರಿಂದ, ಹೆಸರನ್ನು ಎರಡೂ ಲಿಪಿಗಳಲ್ಲಿ ಬರೆದು, ಮನೆಯ ಹಿರಿಯರಿಂದ ಒಮ್ಮೆ ಗಟ್ಟಿಯಾಗಿ ಕೂಗಿಸಿ ನೋಡುವುದು ಲೇಸು. ಅಜ್ಜಿಯ ಬಾಯಿಗೆ ಬಾರದ ಹೆಸರು ತಿಂಗಳೊಳಗೆ "ಪುಟ್ಟಿ" ಆಗುತ್ತದೆ.

ನೋಂದಣಿ

1969ರ ಜನನ ಮತ್ತು ಮರಣ ನೋಂದಣಿ ಅಧಿನಿಯಮದಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಆಗ ಹೆಸರು ನಿಶ್ಚಯವಾಗಿರದಿದ್ದರೂ ನೋಂದಣಿಗೆ ಅಡ್ಡಿಯಿಲ್ಲ; ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಅನಂತರ ವಿಳಂಬ ಶುಲ್ಕದೊಂದಿಗೆ 15 ವರ್ಷಗಳವರೆಗೆ ಹೆಸರನ್ನು ಸೇರಿಸಬಹುದು. ಅಧಿನಿಯಮದ 2023ರ ತಿದ್ದುಪಡಿಯು ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಆ ಬಳಿಕ ಹುಟ್ಟಿದವರಿಗೆ ಶಾಲಾ ದಾಖಲಾತಿ ಮೊದಲಾದ ಕಡೆ ಜನನ ಪ್ರಮಾಣಪತ್ರವೇ ಆಧಾರ. ಹಿಂದಿನಂತೆ ಶಾಲೆಗೆ ಸೇರಿಸುವ ದಿನ ಹೆಸರು ತಿದ್ದಿಸಿಕೊಳ್ಳಲು ಈಗ ಅವಕಾಶವಿಲ್ಲದಿರುವುದರಿಂದ, ಪ್ರಮಾಣಪತ್ರ ಕೈಗೆ ಬಂದ ದಿನವೇ ದೀರ್ಘ, ಒತ್ತಕ್ಷರಗಳನ್ನು ಪರಿಶೀಲಿಸಿಕೊಳ್ಳಬೇಕು.