ರಸ್ತೆ ಅಗಲಾದರೆ ಸಾಲದು, ನೀರಿಗೂ ದಾರಿ ಬೇಕು

ನವಲಗುಂದ ಸೀಮೆಯ ಎರೆಹೊಲದವ ನಾನು. ಮಳೆ ನಂಬಿ ಹೆಸರು, ಕಡಲೆ, ಹತ್ತಿ ಬೆಳೆಯುತ್ತೇನೆ. ನಮ್ಮೂರಿಂದ ಹೆದ್ದಾರಿಗೆ ಹೋಗಲು ಒಂದು ಹಳ್ಳ ದಾಟಬೇಕು. ಅದು ಮುಂದೆ ಬೆಣ್ಣೆಹಳ್ಳ ಸೇರುತ್ತದೆ. ಹಳ್ಳಕ್ಕೆ ಐದು ಪೈಪಿನ ಸೇತುವೆ, ದಾಟಿದ ಕೂಡಲೇ ಏರು, ಏರಿನ ತುದಿಗೇ ಹೆದ್ದಾರಿ. 2009ರಲ್ಲೂ 2019ರಲ್ಲೂ ನೆರೆ ಇದರ ಮೇಲೆಯೇ ಹಾಯಿತು. 2019ರಲ್ಲಿ ನಮ್ಮ ಓಣಿಯ ಬಸುರಿ ಹೆಣ್ಣುಮಗಳೊಬ್ಬಳು ಈಚೆ ದಂಡೆಯಲ್ಲಿ ಮೂರು ತಾಸು ನೋವು ತಿಂದಳು.

ಈಗ ಸೇತುವೆ ಸುಧಾರಿಸುತ್ತಾರಂತೆ. ಅಳತೆಗೆ ಬಂದವರು ಹಳೇ ಪೈಪಿಗೇ ಪೈಪು ಜೋಡಿಸಿ ರಸ್ತೆ ಅಗಲ ಮಾಡುವ ಮಾತಾಡಿದರು. "ಗಾಡಿ ಹೋಗಾಕ ದಾರಿ ಆತ್ರಿ ಸಾಹೇಬ್ರ, ನೀರ ಹೋಗಾಕ?" ಅಂದೆ. ಸುಮ್ಮನಾದರು.

ಲೆಕ್ಕ ಹಾಕಿ ನೋಡಿ. ಮೂರಡಿ ಪೈಪಿನ ಬಾಯಿ ಸುಮಾರು 7 ಚದರ ಅಡಿ. ಐದಕ್ಕೆ 35. ಒಂದು ಜಾಲಿ ಕಂಟಿ, ನಾಲ್ಕು ಹೊರೆ ಹತ್ತಿಕಟ್ಟಿಗೆ ಬಂದು ಕೂತರೆ ಅದೂ ಇಲ್ಲ. 10 ಅಡಿ ಅಗಲ, 8 ಅಡಿ ಎತ್ತರದ ಬಾಕ್ಸ್ ಎರಡಿಟ್ಟರೆ 160 ಚದರ ಅಡಿ, ಕಸವೂ ಹಾಯುತ್ತದೆ. ಆದರೆ ಬೆಣ್ಣೆಹಳ್ಳ ತುಂಬಿದಾಗ ನಮ್ಮ ಹಳ್ಳದ ನೀರು ಹಿಂದಕ್ಕೆ ಒತ್ತುತ್ತದೆ. ಹಾಗಾಗಿ ಎತ್ತರವನ್ನು ಬೇಸಿಗೆಯಲ್ಲಿ ಒಣಹಳ್ಳ ನೋಡಿ ನಿಗದಿ ಮಾಡಬಾರದು. ಹನುಮಪ್ಪನ ಗುಡಿ ಗೋಡೆಗೆ 2019ರ ನೀರಿನ ಗೆರೆ ಇನ್ನೂ ಇದೆ, ಅಲ್ಲಿಂದ ಅಳೆಯಲಿ.

ಸೇತುವೆ ಕೆಡುವುದು ಹೆಚ್ಚಾಗಿ ಬುಡದಿಂದ. ಕಿರಿದಾದ ಬಾಯಿಂದ ರಭಸಕ್ಕೆ ಹೊರಬಿದ್ದ ನೀರು ಕೆಳಮಗ್ಗಲಿನ ಮಣ್ಣು ಕೊರೆಯುತ್ತದೆ. ಹೊಲದ ಒಡ್ಡಿಗೆ ಕೋಡಿ ಕಟ್ಟಿದ ಯಾರಿಗಾದರೂ ಇದು ಗೊತ್ತು. ಅಲ್ಲಿ ಕಲ್ಲುಹಾಸು, ಹಾಸಿನ ತುದಿಗೆ ಆಳಕ್ಕಿಳಿದ ಕಾಂಕ್ರೀಟ್ ಗೋಡೆ, ಎರಡೂ ದಂಡೆಗೆ ರೆಕ್ಕೆಗೋಡೆ ಬೇಕು. ಏರಿಗೆ ಎರೆಮಣ್ಣು ಬೇಡವೇ ಬೇಡ. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗರಸು ಹಾಕಿ ಪದರ ಪದರವಾಗಿ ರೋಲರ್ ಹೊಡೆಯಲಿ.

ಇನ್ನು ಹೆದ್ದಾರಿ ಕೂಡುವ ಜಾಗ. ತಾಸಿಗೆ 80 ಕಿ.ಮೀ. ಓಡುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಬರುತ್ತದೆ. ಕಡಲೆ ಚೀಲ ಹೇರಿದ ಟ್ರ್ಯಾಕ್ಟರ್ ಟ್ರೇಲರ್ ಸಮೇತ ಹೆದ್ದಾರಿ ದಾಟಲು ನಾ ಎಣಿಸಿದಂತೆ 8 ಸೆಕೆಂಡ್. ಅಂದರೆ 176 ಮೀಟರ್ ಆಚೆಯ ಕಾರು ನಮಗೆ ಕಾಣಬೇಕು. ಜಾಲಿ ಬೆಳೆದು 50 ಮೀಟರೂ ಕಾಣುವುದಿಲ್ಲ! ಏರಿನಲ್ಲಿ ನಿಂತರೆ ಹೇರು ಹಿಂದಕ್ಕೆ ಜಗ್ಗುತ್ತದೆಂದು ಹುಡುಗರು ನಿಲ್ಲದೇ ನುಗ್ಗಿಸುತ್ತಾರೆ. ಟ್ರ್ಯಾಕ್ಟರ್, ಟ್ರೇಲರ್ ಎರಡೂ ನಿಲ್ಲುವಷ್ಟು ಸಪಾಟು ಜಾಗ ಮಾಡಿದರೆ ಅರ್ಧ ಅಪಾಯ ತಪ್ಪೀತು. ಅದಕ್ಕೇನು ಬಹಳ ರೊಕ್ಕ ಬೇಡ.

ಸೇತುವೆ ಮಗ್ಗಲಿಗೆ ಅಡಿ ಗುರುತಿನ ಕಂಬವನ್ನೂ ಕೇಳಿದ್ದೇವೆ. ಹರಿಯುವ ನೀರು ಎರಡಡಿ ಇದ್ದರೆ ಜೀಪನ್ನೂ ಒಯ್ಯುತ್ತದೆ.

ಹಳ್ಳದ ದಂಡೆಗೆ ಹತ್ತಿಕಟ್ಟಿಗೆ ಒಟ್ಟುವವರು ಮಾತ್ರ ನಮ್ಮೂರವರೇ. ಅವರಿಗೆ ಇಂಜಿನಿಯರ್ ಬಂದು ಹೇಳಬೇಕೇ? ಮುಂಗಾರಿಗೆ ಮೊದಲು ಒಟ್ಟಿಲು ತೆಗೆಯಬೇಕು, ಕೂಡುರಸ್ತೆಯ ಜಾಲಿ ಕಡಿಯಬೇಕು ಅಂತ ಓಣಿಗೊಬ್ಬರಂತೆ ಆಳು ಗೊತ್ತು ಮಾಡಿದ್ದೇವೆ. ಬಾಕ್ಸಿನ ಅಳತೆ ಹಾಕಿ ಠರಾವು ಬರೆದಿಟ್ಟಾಗಿದೆ. ಬರುವ ಗ್ರಾಮಸಭೆಯಲ್ಲಿ ಓದುತ್ತೇವೆ.